ನೋಡಿದ ಸಿನೆಮಾ ಮತ್ತೆ ಯಾಕೆ ನೋಡುತ್ತಾರೆ?

 

ಇವತ್ತು ನಾನು ಆರಿಸಿಕೊಂಡ ವಿಷಯ ಕೇಳಿ ನೀವು ನಗಬಹುದು. ಮೀಸೆ ಚಿಗುರಿದ ಹುಡುಗರು, ಬಾರಾವಿ ಓದುವ ಹುಡುಗಿಯರು, ಒಮ್ಮೊಮ್ಮೆ ಎರಡು ಮಕ್ಕಳ ತಂದೆತಾಯಿಯೂ ಸಣ್ಣವರಿದ್ದಾಗ ನೋಡಿದ ಮಕ್ಕಳ ಸಿನೆಮಾವನ್ನೇ ಹುಡುಕಿ ತೆಗೆದು ಮತ್ತೆ ಮತ್ತೆ ನೋಡುತ್ತಾರೆ. ಮನೆಯ ಹಿರಿಯರು ಇದನ್ನು ಕಂಡು ಬೈಯುತ್ತಾರೆ. "ಇಷ್ಟ ದೊಡ್ಡಾಂವ ಆಗೀದಿ, ಇನ್ನೂ ಹುಡುಗೂರ ಸಿನೆಮಾ ನೋಡ್ತೀಯಲ್ಲ" ಎನ್ನುತ್ತಾರೆ. ಈ ಬೈಗುಳ ಸರಿಯೇ ಅನ್ನುವುದು ನನ್ನ ಪ್ರಶ್ನೆ. ನಾನು ಮೆಟ್ರಿಕ್‌ವರೆಗೆ ಓದಿ, ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿ ಲೆಕ್ಕ ಬರೆದು ನಿವೃತ್ತನಾದವನು. ಮನಶ್ಶಾಸ್ತ್ರ ಓದಿದವನಲ್ಲ. ನೋಡಿದ್ದನ್ನು, ಕೇಳಿದ್ದನ್ನು ಹೇಳುತ್ತೇನೆ. ಸರಿ ಕಂಡರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಿಡಿ.

ಮೊದಲು ನಮ್ಮದೇ ಸಂಪ್ರದಾಯ ನೋಡೋಣ. ನಮ್ಮ ನಂದೇಶ್ವರದ ಸುತ್ತ ಎರಡೂ ಭಾಷೆ ನಡೆಯುತ್ತವೆ. ಒಂದು ಗುಡಿಯಲ್ಲಿ ಕನ್ನಡ ಭಜನೆಯಾದರೆ ಇನ್ನೊಂದರಲ್ಲಿ ಮರಾಠಿ ಕೀರ್ತನೆ. ಕೀರ್ತನಕಾರರು ಅದೇ ಕಥೆಯನ್ನು ವರ್ಷ ವರ್ಷವೂ ಹೇಳುತ್ತಾರೆ. ದಾಮಾಜಿಪಂತರು ಬರಗಾಲದಲ್ಲಿ ಕಣಜ ತೆರೆದು ಹಸಿದವರಿಗೆ ಧಾನ್ಯ ಹಂಚಿದ ಕಥೆ ಮಂಗಳವೇಢಾ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಕೊನೆಗೆ ವಿಠ್ಠಲನೇ ಬಂದು ಹಣ ತುಂಬುತ್ತಾನೆ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೂ ಆ ಗಳಿಗೆ ಬಂದಾಗ ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ವಿಜಾಪುರ, ಬೆಳಗಾವಿ ಕಡೆ ಶ್ರೀಕೃಷ್ಣ ಪಾರಿಜಾತದ ಆಟವೂ ಹಾಗೆಯೇ. ಸತ್ಯಭಾಮೆ ಮುನಿಸಿಕೊಳ್ಳುವುದು ಗೊತ್ತಿದ್ದೇ ಜನ ರಾತ್ರಿಯಿಡೀ ಕೂಡುತ್ತಾರೆ. "ಕಥಿ ಗೊತ್ತೈತಿ, ಮನಿಗೆ ಹೋಗೋಣ ನಡಿ" ಎಂದು ಯಾರೂ ಏಳುವುದಿಲ್ಲ. ಹಾಗಾದರೆ ಹಿರಿಯರು ಮಾಡಿದರೆ ಭಕ್ತಿ, ಹುಡುಗರು ಮಾಡಿದರೆ ಚಟ ಎನ್ನುವುದು ಯಾವ ನ್ಯಾಯ?

ನನ್ನ ವಯಸ್ಸಿನವರ ಮಾತು ತೆಗೆದುಕೊಳ್ಳಿ. ಮರಾಠಿ ಶಾಲೆಗೆ ಹೋದವರಿಗೆಲ್ಲ 'ಶ್ಯಾಮಚಿ ಆಯಿ' ಗೊತ್ತು. ಸಾನೆ ಗುರೂಜಿಯವರು ಆ ಪುಸ್ತಕವನ್ನು 1933ರಲ್ಲಿ ನಾಶಿಕದ ಜೈಲಿನಲ್ಲಿ ಕುಳಿತು ಬರೆದರು. 1947ರಲ್ಲಿ ಪಂಢರಪುರದ ವಿಠ್ಠಲ ಮಂದಿರದ ಬಾಗಿಲು ದಲಿತರಿಗೂ ತೆರೆಯಬೇಕೆಂದು ಉಪವಾಸ ಕುಳಿತವರೂ ಇವರೇ. ಆಚಾರ್ಯ ಅತ್ರೆಯವರು ಆ ಪುಸ್ತಕವನ್ನು 1953ರಲ್ಲಿ ಸಿನೆಮಾ ಮಾಡಿದರು. ವನಮಾಲಾ ತಾಯಿ, ಮಾಧವ ವಝೆ ಮಗ. ದೇಶದಲ್ಲಿ ರಾಷ್ಟ್ರಪ್ರಶಸ್ತಿ ಕೊಡುವುದು ಶುರುವಾದಾಗ, 1954ರಲ್ಲಿ, ಮೊಟ್ಟಮೊದಲ ಸುವರ್ಣಪದಕ ಬಂದದ್ದು ಈ ಚಿತ್ರಕ್ಕೆ. ಸ್ನಾನ ಮಾಡಿದ ಶ್ಯಾಮ ಅಂಗಾಲಿಗೆ ಮಣ್ಣು ಹತ್ತಬಾರದೆಂದು ಹಟ ಮಾಡುತ್ತಾನೆ. ತಾಯಿ ನೆಲಕ್ಕೆ ಸೆರಗು ಹಾಸುತ್ತಾಳೆ. ಕಾಲಿಗೆ ಹೊಲಸು ಹತ್ತದಂತೆ ಜಪಿಸುವ ಹಾಗೆ ಮನಸ್ಸಿಗೂ ಹತ್ತದಂತೆ ನೋಡಿಕೋ ಎಂದು ಬುದ್ಧಿ ಹೇಳುತ್ತಾಳೆ. ಶಾಲೆಯಲ್ಲಿ ಪರದೆ ಕಟ್ಟಿ ತೋರಿಸಿದಾಗ ನಮಗೆ ಅದು ತಮಾಷೆ ಕಂಡಿತ್ತು. ನನ್ನ ಅವ್ವ ತೀರಿಕೊಂಡ ಮೇಲೆ ಟೀವಿಯಲ್ಲಿ ಅದೇ ಚಿತ್ರ ಬಂತು. ಆಗ ಆ ಸೆರಗು ನನಗೆ ಬೇರೆಯೇ ಕಂಡಿತು. ಸಿನೆಮಾ ಒಂದಕ್ಷರವೂ ಬದಲಾಗಿರಲಿಲ್ಲ, ನೋಡುವವನು ಬದಲಾಗಿದ್ದ.

ಇದನ್ನೇ ಪರದೇಶದ ಇಬ್ಬರು ಪಂಡಿತರು ಬೇರೆ ಮಾತಿನಲ್ಲಿ ಹೇಳಿದ್ದಾರೆ. ಕ್ರಿಸ್ಟಲ್ ರಸೆಲ್ ಮತ್ತು ಸಿಡ್ನಿ ಲೆವಿ ಎಂಬವರು ಓದಿದ ಪುಸ್ತಕ ಮತ್ತೆ ಓದುವವರನ್ನು, ನೋಡಿದ ಸಿನೆಮಾ ಮತ್ತೆ ನೋಡುವವರನ್ನು, ಹೋದ ಊರಿಗೇ ಮತ್ತೆ ಹೋಗುವವರನ್ನು ಕೂರಿಸಿ ಮಾತಾಡಿಸಿ 2012ರಲ್ಲಿ ಲೇಖನ ಬರೆದರು. ಬರೀ ಹಳೆಯ ನೆನಪಿಗಾಗಿ ಜನ ಹೀಗೆ ಮಾಡುವುದಿಲ್ಲ, ಹಳೆಯ ವಸ್ತುವಿನ ಪಕ್ಕ ನಿಂತು ತಾವು ಎಷ್ಟು ಬದಲಾದೆವು ಎಂದು ಅಳೆದುಕೊಳ್ಳುತ್ತಾರೆ ಎಂಬುದು ಅದರ ತಾತ್ಪರ್ಯ. ನಮ್ಮ ಮನೆಗಳಲ್ಲಿ ಬಾಗಿಲ ಚೌಕಟ್ಟಿಗೆ ಗೆರೆ ಎಳೆದು ಮಕ್ಕಳ ಎತ್ತರ ನೋಡುತ್ತೇವಲ್ಲ, ಹಾಗೆ. ಚೌಕಟ್ಟು ಗಟ್ಟಿಯಾಗಿ ನಿಂತರೆ ಮಾತ್ರ ಅಳತೆ ಸಿಗುತ್ತದೆ.

ಇನ್ನು ಈ ಕಾಲದ ಮಕ್ಕಳ ಕಡೆ ಬರೋಣ. ನಮ್ಮ ಓಣಿಯಲ್ಲಿ ಬಾರಾವಿ ಓದುವ ಹುಡುಗಿಯೊಬ್ಬಳಿದ್ದಾಳೆ. ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ 'ಎಲಿಝಬೆಥ್ ಏಕಾದಶಿ' ಹಚ್ಚುತ್ತಾಳೆ. ಪರೇಶ ಮೊಕಾಶಿಯವರು 2014ರಲ್ಲಿ ತೆಗೆದ ಮರಾಠಿ ಚಿತ್ರ. ಆ ವರ್ಷದ ಉತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕಥೆ ನಡೆಯುವುದು ನಮ್ಮ ಪಂಢರಪುರದಲ್ಲೇ. ಜ್ಞಾನೇಶ ಎಂಬ ಹುಡುಗನಿಗೆ ತೀರಿಹೋದ ತಂದೆ ಮಾಡಿಕೊಟ್ಟ ಸೈಕಲ್ಲು, ಅದರ ಹೆಸರು ಎಲಿಝಬೆಥ್. ತಾಯಿ ಸ್ವೆಟರ್ ಹೆಣೆದು ಮನೆ ನಡೆಸುವವಳು. ಸಾಲದ ಕಂತು ಬಾಕಿ ಬಿದ್ದು ಹೆಣೆಯುವ ಯಂತ್ರ ಬ್ಯಾಂಕಿನ ಪಾಲಾಗುತ್ತದೆ. ಸೈಕಲ್ಲು ಮಾರುವ ಮಾತು ಏಳುತ್ತದೆ. ಏಕಾದಶಿಯ ಗದ್ದಲದಲ್ಲಿ ಮಕ್ಕಳು ಗುಟ್ಟಾಗಿ ಬಳೆ ಮಾರಲು ಹೊರಡುತ್ತಾರೆ. ಮುಂದಿನದು ಹೇಳಲಾರೆ. ನೋಡದವರು ನೋಡಲಿ.

"ಎಷ್ಟ ಸಲ ನೋಡ್ತೀಯವ್ವಾ ಅದನ್ನ?" ಎಂದು ನಾನು ಕೇಳಿದೆ. ಅವಳು ಹೇಳಿದಳು: "ಅಜ್ಜಾ, ಅದರಾಗ ಮುಂದ ಏನ ಆಗ್ತದ ಅಂತ ನನಗ ಗೊತ್ತದ. ಅದಕ್ಕ ನೋಡ್ತೀನಿ." ಅವಳ ಮಾತು ನನಗೆ ಆಗ ಪೂರ್ತಿ ತಿಳಿಯಲಿಲ್ಲ. ಆಮೇಲೆ ವಿಚಾರ ಮಾಡಿದೆ. ಅವಳ ಬಾಳಿನಲ್ಲಿ ಮುಂದೇನಾಗುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲ. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಪಾಸಾದರೆ ಸೋಲಾಪುರಕ್ಕೆ ಕಳಿಸುತ್ತಾರೋ, ಮದುವೆ ಮಾಡುತ್ತಾರೋ ಗೊತ್ತಿಲ್ಲ. ಮಳೆ ಬರುತ್ತದೋ ಇಲ್ಲವೋ ಅಪ್ಪನಿಗೇ ಗೊತ್ತಿಲ್ಲ. ಹೀಗಿರುವಾಗ ಎರಡು ತಾಸಿಗಿಂತ ಕಡಿಮೆ ಹೊತ್ತು, ಮುಂದಿನದೆಲ್ಲ ಮೊದಲೇ ಗೊತ್ತಿರುವ ಜಾಗದಲ್ಲಿ ಕೂತು ಬಂದರೆ ಅವಳ ಜೀವಕ್ಕೆ ವಿಶ್ರಾಂತಿ. ಅದು ಪರೀಕ್ಷೆಯಿಂದ ಓಡಿಹೋಗುವುದಲ್ಲ. ದಣಿದ ಎತ್ತನ್ನು ಒಂದು ಗಳಿಗೆ ಬೇವಿನ ನೆರಳಿಗೆ ಕಟ್ಟಿದ ಹಾಗೆ.

ಈ ಚಿತ್ರ ನನಗೂ ಇಷ್ಟ, ನೋಡಲು ಕಷ್ಟ. ಯಾಕೆಂದರೆ ನಾನು ಕೌಂಟರಿನ ಒಳಗೆ ಕೂತವನು. ಕಂತು ತುಂಬಲು ಆಗದೆ ಪಾಸ್‌ಬುಕ್ಕನ್ನು ಮಡಚಿ ಬಿಚ್ಚಿ ನಿಲ್ಲುವ ಹೆಣ್ಣುಮಕ್ಕಳನ್ನು ಬಹಳ ನೋಡಿದ್ದೇನೆ. ಜೊತೆಯಲ್ಲಿ ಬಂದ ಮಕ್ಕಳು ಕೌಂಟರಿನ ಎತ್ತರಕ್ಕೂ ಬರುತ್ತಿರಲಿಲ್ಲ. ಅವರು ಏನು ಲೆಕ್ಕ ಹಾಕುತ್ತಿದ್ದರು ಎಂಬುದು ಯಾವ ಲೆಜ್ಜರಿನಲ್ಲೂ ಇಲ್ಲ, ಆ ಸಿನೆಮಾದಲ್ಲಿ ಇದೆ.

ಇನ್ನು ಕನ್ನಡದ ಮಾತು. 1985ರಲ್ಲಿ ಎನ್. ಲಕ್ಷ್ಮೀನಾರಾಯಣರು 'ಬೆಟ್ಟದ ಹೂವು' ತೆಗೆದರು. ಡಾ. ರಾಜಕುಮಾರರ ಮಗ ಪುನೀತ್ ಅದರಲ್ಲಿ ಬಡವರ ಮನೆಯ ರಾಮು. ಆಗ ಪುನೀತನಿಗೆ ಹತ್ತು ವರ್ಷ. ಉತ್ತಮ ಬಾಲನಟನೆಂದು ರಾಷ್ಟ್ರಪ್ರಶಸ್ತಿ ಬಂತು. ರಾಮುವಿಗೆ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳುವ ಆಸೆ. ಬೆಟ್ಟ ಹತ್ತಿ ಅಪರೂಪದ ಹೂವು ತಂದು ಮಾರಿ ಕಾಸು ಕೂಡಿಸುತ್ತಾನೆ. ಕೊನೆಗೆ ಮನೆಯವರು ಚಳಿಗೆ ನಡುಗುವುದನ್ನು ಕಂಡು ಪುಸ್ತಕ ಬಿಟ್ಟು ಕಂಬಳಿ ತರುತ್ತಾನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೆಯ ವಯಸ್ಸಿಗೆ ತೀರಿಕೊಂಡಾಗ ಎಷ್ಟೋ ಮನೆಗಳಲ್ಲಿ ಜನ ಅವರ ದೊಡ್ಡ ಹೊಡೆದಾಟದ ಚಿತ್ರ ಹಚ್ಚಲಿಲ್ಲ, ಈ ಸಣ್ಣ ರಾಮುವನ್ನೇ ನೋಡಿದರು. ಸತ್ತವನು ಅಲ್ಲಿ ಇನ್ನೂ ಹತ್ತು ವರ್ಷದವನು, ಇನ್ನೂ ಬೆಟ್ಟ ಹತ್ತುತ್ತಿದ್ದಾನೆ.

ಇದೇ ಚಿತ್ರದಿಂದ ಒಂದು ಮನೆಗೆ ಆದ ಉಪಕಾರ ಹೇಳುತ್ತೇನೆ. ಹೆಸರು ಬೇಡ, ನನ್ನ ಬಳಗದವರೇ. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆದಾಗ ಪುಣೆಯ ಕಾರ್ಖಾನೆಯಲ್ಲಿದ್ದ ಮಗ ಊರಿಗೆ ಬಂದ. ಇಪ್ಪತ್ತಾರು ವರ್ಷ. ಹಗಲೆಲ್ಲ ಮಾಳಿಗೆಯ ಮೇಲೆ ಒಬ್ಬನೇ ಕೂಡುತ್ತಿದ್ದ. ಮಾತಾಡಿಸಿದರೆ ಮರಾಠಿಯಲ್ಲಿ ಎರಡು ಮಾತು. ಆ ದಿನಗಳಲ್ಲಿ, ಮಾರ್ಚಿ 28ರಿಂದ, ದೂರದರ್ಶನದವರು 1987ರ 'ರಾಮಾಯಣ'ವನ್ನು ಮತ್ತೆ ತೋರಿಸತೊಡಗಿದ್ದರು. ಸಣ್ಣವರಿದ್ದಾಗ ಚಾಪೆ ಹಾಸಿ ನೋಡಿದವರೆಲ್ಲ ದೇಶದ ತುಂಬ ಮತ್ತೆ ಟೀವಿ ಮುಂದೆ ಕೂತರು. ಈ ಮನೆಯಲ್ಲೂ ಅದು ಮುಗಿದ ಮೇಲೆ ತಾಯಿ ಮಗನಿಗೆ, "ನೀ ಸಣ್ಣಾಂವ ಇದ್ದಾಗ ಆ ಹೂವಿನ ಹುಡುಗನ ಸಿನೆಮಾ ನೋಡಿ ಅಳ್ತಿದ್ದೆಲ್ಲೊ, ಅದನ್ನ ಹಚ್ಚು" ಎಂದಳು. ಹಚ್ಚಿದ. ಮರುದಿನವೂ ಹಚ್ಚಿದ. ಅಪ್ಪ ಹೊರಗಿನಿಂದ ಬಂದವನು, "ಗಂಡಸಾಗಿ ಇದೇನ ನೋಡ್ತಿಯೋ" ಎಂದು ಗದರಿದ. ತಾಯಿ ಗಂಡನಿಗೆ, "ನೀವು ಸುಮ್ಮ ಕೂಡ್ರಿ" ಎಂದಳು.

ಮೂರನೆಯ ರಾತ್ರಿ ಕಂಬಳಿಯ ಹೊತ್ತು ಬಂದಾಗ ಆ ಹುಡುಗ ತಾಯಿಗೆ ಕನ್ನಡದಲ್ಲಿ ಹೇಳಿದ: "ಅವ್ವಾ, ನಾ ಮನಿಗೆ ಕಳಿಸಿದ ರೊಕ್ಕ ಎಲ್ಲಾ ಪಗಾರದ್ದಲ್ಲ. ಸಾಲ ತಗದೀನಿ." ತಂಗಿಯ ಮದುವೆಗೆಂದು ಕಳಿಸಿದ ಹಣ ಬಡ್ಡಿಗೆ ತಂದದ್ದು. ಕೆಲಸ ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. ಆ ಮಾತನ್ನು ಅವನು ಆರು ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ. ಮರುದಿನ ತಂದೆ ಮಗ ಇಬ್ಬರೂ ನನ್ನ ಕಟ್ಟೆಗೆ ಬಂದರು. ಕಾಗದ ತೆಗೆದು ಅಸಲು ಎಷ್ಟು, ಬಡ್ಡಿ ಎಷ್ಟು, ಯಾವುದನ್ನು ಮೊದಲು ತೀರಿಸಬೇಕು ಎಂದು ಬರೆದೆವು. ಎರಡು ಆಡು ಮಾರಿದರು, ಸೋದರಮಾವ ಸ್ವಲ್ಪ ಕೈಗಡ ಕೊಟ್ಟ. ತೀರಲು ಎರಡು ವರ್ಷ ಹಿಡಿಯಿತು, ತೀರಿತು. ಸಿನೆಮಾ ಸಾಲ ತೀರಿಸಲಿಲ್ಲ, ಅಷ್ಟು ನನಗೆ ಗೊತ್ತು. ಆದರೆ ಬಾಯಿ ಬಿಡಿಸಿತು. ಬಾಯಿ ಬಿಡದೆ ಹೋದವರ ಮನೆಗಳನ್ನೂ ನಮ್ಮ ಸೀಮೆ ನೋಡಿದೆ. ಹೆಚ್ಚು ಹೇಳುವುದು ಬೇಡ.

ಇಲ್ಲಿ ಭಾಷೆಯ ಮಾತೂ ಇದೆ, ಗಮನಿಸಿ. ಆ ಹುಡುಗ ಕಲಿತದ್ದು ಮರಾಠಿ, ದುಡಿದದ್ದು ಮರಾಠಿ ಹಿಂದಿಯಲ್ಲಿ. ಕಷ್ಟ ಹೇಳಿಕೊಂಡದ್ದು ಮಾತ್ರ ಅವ್ವನ ಭಾಷೆಯಲ್ಲಿ. ಗಡಿಯ ನಮಗೆ ಮರಾಠಿಯೂ ಬೇಕು, ಅದು ಅನ್ನ ಕೊಡುವ ಭಾಷೆ. ನಮ್ಮ ಮಕ್ಕಳಿಗೆ ಓದಲು ಕನ್ನಡ ಪುಸ್ತಕ ಸಿಗುವುದು ಕಡಿಮೆ. ಹಾಗಿರುವಾಗ 'ಬೆಟ್ಟದ ಹೂವು', ಟಿ. ಎಸ್. ನಾಗಾಭರಣರ 1993ರ 'ಚಿನ್ನಾರಿ ಮುತ್ತ'ದಂಥ ಚಿತ್ರಗಳೇ ಎಷ್ಟೋ ಮನೆಗಳಿಗೆ ಕನ್ನಡದ ಪಾಠ. 'ಚಿನ್ನಾರಿ ಮುತ್ತ'ದ ಹಾಡು ಬರೆದ ಎಚ್. ಎಸ್. ವೆಂಕಟೇಶಮೂರ್ತಿಯವರು 2025ರಲ್ಲಿ ತೀರಿಕೊಂಡರು. ಸಿ. ಅಶ್ವಥ್ ಅದಕ್ಕೂ ಮೊದಲೇ ಹೋದರು. ಅವರ ಹಾಡು ಕೇಳಿ ಬೆಳೆದ ಹುಡುಗಿಯರು ಈಗ ತಮ್ಮ ಕೂಸುಗಳನ್ನು ಅದೇ ಹಾಡಿನಿಂದ ಮಲಗಿಸುತ್ತಾರೆ. ಹತ್ತು ಸಲ ನೋಡಿದ ಸಿನೆಮಾದ ಮಾತು ನಾಲಿಗೆಗೆ ಕೂಡುತ್ತದೆ.

ಹಾಗೆಂದು ಎಲ್ಲವೂ ಒಳ್ಳೆಯದೇ ಎಂದು ನಾನು ಹೇಳುವುದಿಲ್ಲ. ಉಪ್ಪಿನಕಾಯಿ ರುಚಿಯೆಂದು ಅದನ್ನೇ ಊಟ ಮಾಡಲಾಗದು. ರಾತ್ರಿ ನಿದ್ದೆ ಬಿಟ್ಟು ನೋಡುತ್ತಿದ್ದರೆ, ಊಟ ಬೇಡ ಎನ್ನುತ್ತಿದ್ದರೆ, ಗೆಳೆಯರ ಸಂಗ ಬಿಟ್ಟು ಬಾಗಿಲು ಹಾಕಿಕೊಂಡು ಕೂಡುತ್ತಿದ್ದರೆ, ಅದು ಸಿನೆಮಾದ ಮಾತಲ್ಲ. ಒಳಗೆ ಬೇರೆ ನೋವಿದೆ. ಆಗ ಮೊಬೈಲು ಕಸಿದುಕೊಂಡರೆ ನೋವು ಹೋಗುವುದಿಲ್ಲ, ಅದನ್ನು ತಡೆದುಕೊಳ್ಳಲು ಹಿಡಿದ ಕೋಲು ಹೋಗುತ್ತದೆ. ಮೊದಲು ಮಾತಾಡಿಸಿ. ಬಗೆಹರಿಯದಿದ್ದರೆ ಸರಕಾರಿ ದವಾಖಾನೆಯ ವೈದ್ಯರಿಗೆ ತೋರಿಸಲು ನಾಚಬೇಡಿ. ಜ್ವರಕ್ಕೆ ಹೋಗುತ್ತೇವೆ, ಮನಸ್ಸಿನ ಕಾವಿಗೆ ಯಾಕೆ ಹೋಗಬಾರದು?

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ದೊಡ್ಡ ಮಗನೋ ಸೊಸೆಯೋ ಸಣ್ಣ ಮಕ್ಕಳ ಸಿನೆಮಾ ಹಚ್ಚಿ ಕೂತಾಗ ನಗಬೇಡಿ. ಎಷ್ಟನೆಯ ಸಲ ಎಂದು ಎಣಿಸಬೇಡಿ. ಎಣಿಸುವ ಕೆಲಸ ಬ್ಯಾಂಕಿನವರಿಗೆ ಬಿಡಿ. ಕೈಕಾಲು ತೊಳೆದು ಅವರ ಮಗ್ಗುಲಿಗೆ ಹೋಗಿ ಕೂಡಿ. "ನಿನಗ ಯಾವ ಜಾಗಾ ಚೊಲೊ ಅನಸ್ತದ?" ಎಂದು ಒಂದು ಮಾತು ಕೇಳಿ, ಸುಮ್ಮನಿರಿ. ಉತ್ತರ ಬಂದರೆ ಕೇಳಿಸಿಕೊಳ್ಳಿ. ಬರದಿದ್ದರೆ ಸಿನೆಮಾವನ್ನಾದರೂ ಪೂರ್ತಿ ನೋಡಿ. ನಾಳೆಯೂ ಹಚ್ಚುತ್ತಾರೆ, ಕೇಳಲು ನಾಳೆಯೂ ವೇಳೆ ಇದೆ.