ಎರಡು ನೆಟ್ ಇದ್ದರೂ ಕಂಪ್ಯೂಟರ್ ಯಾಕೆ ಮೂಕ?

ಮನೆಯಿಂದಲೇ ಕೆಲಸ ಮಾಡುವ ಕೇಳುಗರದು ಒಂದೇ ಗೋಳು: "ಬ್ರಾಡ್‌ಬ್ಯಾಂಡ್ ಕೇಬಲ್ಲೂ ಚುಚ್ಚಿದ್ದೇನೆ, ಮೊಬೈಲ್ ಹಾಟ್‌ಸ್ಪಾಟೂ ಹಾಕಿದ್ದೇನೆ. ಆದರೂ ಫೈಬರ್ ಹೋದರೆ ಮೀಟಿಂಗ್ ನಿಂತೇಹೋಗುತ್ತದೆ."

ಮೊದಲು ಎರಡರ ವೇಗ ಕೂಡಿಸುವ ಲೆಕ್ಕ ಬಿಡಿ: 100 ಎಂಬಿಪಿಎಸ್‌ಗೆ 50 ಸೇರಿಸಿದರೆ 150 ಆಗುವುದಿಲ್ಲ. ಒಂದು ಫೈಲ್ ಇಳಿಯುವುದು ಸಾಮಾನ್ಯವಾಗಿ ಒಂದೇ ಐಪಿ ವಿಳಾಸಕ್ಕೆ, ಒಂದೇ ದಾರಿಯಲ್ಲಿ. ಅಂಗಡಿಯವರು ಆಗುತ್ತದೆ ಅನ್ನಬಹುದು. ಅನ್ನಲಿ!

ಕಂಪ್ಯೂಟರ್ ತನ್ನೊಳಗೆ ದಾರಿಗಳ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ರೂಟಿಂಗ್ ಟೇಬಲ್ ಅಂತ. ಪ್ರತಿ ದಾರಿಗೂ ಮೆಟ್ರಿಕ್ ಎಂಬ ಅಂಕಿ. ಅಂಕಿ ಕಡಿಮೆ ಇದ್ದ ದಾರಿಗೇ ಮೊದಲ ಮಣೆ. ಗಿಗಾಬಿಟ್ ಕೇಬಲ್‌ಗೆ ವಿಂಡೋಸ್ ತಾನೇ 25 ಕೊಡುತ್ತದೆ, ಹಾಟ್‌ಸ್ಪಾಟ್ ಬರುವ ವೈಫೈಗೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಈ ಅಂಕಿ ಕೊಡುವಾಗ ಅದು ನೋಡುವುದು ಕಂಪ್ಯೂಟರಿನಿಂದ ರೂಟರ್‌ವರೆಗಿನ ಸಂಪರ್ಕವನ್ನು ಮಾತ್ರ. ರೂಟರ್‌ನಿಂದಾಚೆ ಬೀದಿಯಲ್ಲಿ ಫೈಬರ್ ತುಂಡಾಗಿ ನೇತಾಡುತ್ತಿದ್ದರೂ ಕೇಬಲ್ಲಿನ ಹಸಿರು ದೀಪ ಮಿನುಗುತ್ತಲೇ ಇರುತ್ತದೆ. ಬಹಳ ಸಲ ಕಂಪ್ಯೂಟರ್ ಆ ಸತ್ತ ದಾರಿಗೇ ಎಲ್ಲವನ್ನೂ ಕಳಿಸುತ್ತಾ ಕೂತಿರುತ್ತದೆ.

ನಮ್ಮ ಭಾವನವರ ಮನೆಯಲ್ಲಿ ಹಾಗೇ ಆಯಿತು. ಮಳೆಗೆ ಕೊಂಬೆ ಬಿದ್ದು ಫೈಬರ್ ಹೋಗಿತ್ತು. ಅವರು ಮೊಬೈಲ್ ಕಂಪನಿಯನ್ನು ಬೈಯುತ್ತಾ ಫೋನನ್ನು ಕಿಟಕಿಯಿಂದ ಕಿಟಕಿಗೆ ಹೊತ್ತು ತಿರುಗುತ್ತಿದ್ದರು. ನಾನು ಕೇಬಲ್ ಕಿತ್ತೆ, ಅಷ್ಟೇ. ನೆಟ್ ಬಂತು. ಇನ್ನೊಮ್ಮೆ ಹೇಳುತ್ತೇನೆ: ದೀಪ ಹೇಳುವುದು ರೂಟರ್‌ವರೆಗಿನ ಸುದ್ದಿ. ರೂಟರ್‌ವರೆಗಿನದು ಮಾತ್ರ! ದೀಪ ನೋಡಿ "ನೆಟ್ ಇದೆ" ಅನ್ನಬೇಡಿ, ಕೇಬಲ್ ಕಿತ್ತು ನೋಡಿ.

ಅಯ್ಯೋ, ಸಮಯ ಇದರಲ್ಲೇ ಹೋಯಿತು. ಉಳಿದದ್ದು ಚುಟುಕಾಗಿ. ಕೀಳುವ ಕೆಲಸ ಬೇಡವೆಂದರೆ ಎರಡು ವ್ಯಾನ್ ಪೋರ್ಟ್ (ಹೊರಗಿನ ನೆಟ್ ಒಳಬರುವ ಕಿಂಡಿ) ಇರುವ ರೂಟರ್ ತನ್ನಿ. ದೂರದ ಒಂದು ವಿಳಾಸಕ್ಕೆ ಆಗಾಗ ಪಿಂಗ್ ಎಂಬ "ಇದ್ದೀಯಾ?" ಸಂದೇಶ ಕಳಿಸಿ, ಉತ್ತರ ಬರದಿದ್ದರೆ ದಾರಿ ಬದಲಿಸುವ ಸೌಲಭ್ಯ ಅದರಲ್ಲಿದೆಯೇ ಎಂದು ಕೇಳಿಯೇ ಕೊಳ್ಳಿ. ದಾರಿ ಬದಲಾದಾಗ ನಿಮ್ಮ ಐಪಿ ವಿಳಾಸವೂ ಬದಲಾಗುವುದರಿಂದ ಮೀಟಿಂಗ್ ಕ್ಷಣಕಾಲ ಕಡಿಯಬಹುದು, ಬ್ಯಾಂಕಿನ ಪುಟ ಮತ್ತೆ ಲಾಗಿನ್ ಕೇಳಬಹುದು. ಹೆದರಬೇಡಿ.

ಇನ್ನು, ಎರಡು ಕಂಪನಿಗಳ ಫೈಬರ್ ಹಾಕಿಸಿ ನಿಶ್ಚಿಂತರಾದವರು ಒಮ್ಮೆ ಹೊರಗೆ ಬಂದು ಕಂಬ ನೋಡಿ. ಎರಡೂ ಒಂದೇ ಕಂಬದ ಮೇಲೆ ಜೋತುಬಿದ್ದಿದ್ದರೆ ಒಂದೇ ಕೊಂಬೆ ಎರಡನ್ನೂ ಕೆಡವುತ್ತದೆ. ಎರಡನೆಯದು ಮೊಬೈಲ್ ಸಿಮ್‌ನದೇ ಇರಲಿ.