ಸಿಡಿ4 ಚೆನ್ನಾಗಿದೆ, ಒಂದು ತಿಂಗಳು ಮಾತ್ರೆ ಬಿಡಬಹುದಾ?

ಹೋದ ವಾರ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. "ಅಕ್ಕಾ, ನಂಗೆ ಎಚ್‌ಐವಿ ಇದೆ. ಆರು ವರ್ಷದಿಂದ ಮಾತ್ರೆ ತಗೊಳ್ತಿದ್ದೀನಿ. ಸಿಡಿ4 650 ಬಂದಿದೆ. ಒಂದು ತಿಂಗಳು ಬಿಟ್ರೆ ಏನಾಗುತ್ತೆ?" ಅವರ ಒಪ್ಪಿಗೆ ಪಡೆದೇ ಇದನ್ನ ಹೇಳ್ತಿದ್ದೀನಿ.

ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವಳು. ಓದಿ ತಿಳಿದದ್ದನ್ನ ನನಗೆ ಬರೋ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ.

ಸಿಡಿ4 ಅನ್ನೋದು ನಮ್ಮನ್ನ ಕಾಯೋ ಬಿಳಿ ರಕ್ತಕಣಗಳ ಎಣಿಕೆ. ಅದು ಬ್ಯಾಂಕ್ ಬ್ಯಾಲೆನ್ಸ್ ಇದ್ದ ಹಾಗೆ. ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಆ ದುಡ್ಡು ಖರ್ಚಾಗೋ ವೇಗ. ರೋಗಿಯ ಮುಂದಿನ ದಿನಗಳನ್ನ ಸಿಡಿ4ಗಿಂತ ವೈರಲ್ ಲೋಡ್ ಚೆನ್ನಾಗಿ ಅಂದಾಜಿಸುತ್ತೆ ಅಂತ 1996ರಲ್ಲಿ ಅಮೆರಿಕದ ಜಾನ್ ಮೆಲರ್ಸ್ ಮತ್ತು ಸಂಗಡಿಗರು ತೋರಿಸಿದರು.

ನಮ್ಮ ಕೇಳುಗರ ಪ್ರಶ್ನೆಯನ್ನೇ 'ಸ್ಮಾರ್ಟ್' ಅನ್ನೋ ಅಧ್ಯಯನ ಕೇಳಿತ್ತು. 33 ದೇಶಗಳ 5,472 ಜನ. ಎಲ್ಲರ ಸಿಡಿ4 350ಕ್ಕಿಂತ ಹೆಚ್ಚಿತ್ತು. ಸುಮಾರು ಅರ್ಧ ಜನ ಮಾತ್ರೆ ಮುಂದುವರಿಸಿದರು. ಉಳಿದವರು ನಿಲ್ಲಿಸಿ, ಸಿಡಿ4 250ಕ್ಕಿಂತ ಕೆಳಗಿಳಿದಾಗ ಮತ್ತೆ ಶುರು ಮಾಡಬೇಕಿತ್ತು. 2006ರ ಜನವರಿಯಲ್ಲಿ ಈ ಪ್ರಯೋಗವನ್ನ ಅರ್ಧಕ್ಕೇ ನಿಲ್ಲಿಸಬೇಕಾಯ್ತು. ಮಾತ್ರೆ ಮುಂದುವರಿಸಿದವರಲ್ಲಿ 30 ಸಾವು, ಬಿಟ್ಟು ಹಿಡಿದವರಲ್ಲಿ 55. ಏಡ್ಸ್ ಕಾಯಿಲೆಗಳಿಂದ ಸತ್ತವರು ಕೆಲವರು ಮಾತ್ರ.

ಹಾಗಾದ್ರೆ ಉಳಿದವರಿಗೆ ಏನಾಯ್ತು? ಸಂಗ್ರಹಿಸಿಟ್ಟಿದ್ದ ರಕ್ತವನ್ನ ಮತ್ತೆ ಪರೀಕ್ಷೆ ಮಾಡಿದರು. 2008ರಲ್ಲಿ ಉತ್ತರ ಬಂತು. ಐಎಲ್-6 ಒಳಗಿನ ಉರಿಯೂತದ ಗುರುತು, ಡಿ-ಡೈಮರ್ ರಕ್ತ ಹೆಪ್ಪುಗಟ್ಟಿ ಕರಗೋದರ ಗುರುತು. ಇವೆರಡೂ ಹೆಚ್ಚಿದ್ದವರಲ್ಲೇ ಸಾವಿನ ಅಪಾಯ ಬಹಳ ಜಾಸ್ತಿ ಇತ್ತು. ಮಾತ್ರೆ ಬಿಟ್ಟವರಲ್ಲಿ ಒಂದೇ ತಿಂಗಳಿಗೆ ಐಎಲ್-6 ಶೇ. 30, ಡಿ-ಡೈಮರ್ ಶೇ. 16 ಏರಿತ್ತು. ಪಾಸ್‌ಬುಕ್‌ನಲ್ಲಿ ಬ್ಯಾಲೆನ್ಸ್ ಕಾಣ್ತಿದೆ, ಆದ್ರೆ ಇನ್ನೆಲ್ಲೋ ಸಾಲದ ಬಡ್ಡಿ ಬೆಳೀತಿದೆ. ಹಾಗೆ.

ಈ ಎರಡು ಟೆಸ್ಟ್ ಮಾಡಿಸೋಕೆ ಲ್ಯಾಬ್‌ಗೆ ಓಡಬೇಡಿ, ಎಚ್‌ಐವಿ ಚಿಕಿತ್ಸೆಯ ಮಾಮೂಲಿ ಪಟ್ಟಿಯಲ್ಲಿ ಅವಿಲ್ಲ. ಮಾತ್ರೆ ತಗೊಂಡ್ರೂ ಆ ಉರಿಯೂತ ಪೂರ್ತಿ ಆರಲ್ಲ. ಅದಕ್ಕೇ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡ್ಕೋಬೇಕು, ಸಿಗರೇಟ್ ಬಿಡಬೇಕು. ಆ 650 ಮಾತ್ರೆಯ ದುಡಿಮೆ, ಮಾತ್ರೆ ಬಿಡೋಕೆ ಪರವಾನಗಿ ಅಲ್ಲ.

ಆಮೇಲೆ ಅವರಿಗೆ ಫೋನ್ ಮಾಡಿದೆ. ಅಸಲಿ ವಿಷಯ ಬೇರೆನೇ ಇತ್ತು. ತಂಗಿ ಮದುವೆ. ತಿಂಗಳಿಡೀ ಮನೆ ತುಂಬ ನೆಂಟರು. ಮಾತ್ರೆ ಡಬ್ಬಿ ಯಾರ ಕಣ್ಣಿಗಾದ್ರೂ ಬಿದ್ರೆ? ಭಯ ಅದೊಂದೇ.

ಯಾವ ರಕ್ತಪರೀಕ್ಷೆಯೂ ಈ ಭಯವನ್ನ ಅಳೆಯಲ್ಲ. ಎಆರ್‌ಟಿ ಕೇಂದ್ರದಲ್ಲಿ ಆಪ್ತಸಮಾಲೋಚಕರು ಇರ್ತಾರೆ, ಅವರ ಹತ್ರ ಇದನ್ನೇ ಹೇಳಿ, ದಾರಿ ಕೇಳಿ ಅಂದೆ. ಹೋಗಿ ಬಂದರಂತೆ. ನಿನ್ನೆ ರಾತ್ರಿ ಮೆಸೇಜ್ ಬಂತು: "ಅಕ್ಕಾ, ಚಪ್ಪರ ಹಾಕಿದ್ದಾರೆ. ಮಾತ್ರೆ ತಗೊಂಡೆ."