ಹಾಸನದಿಂದ ಒಂದು ಹಗಲು: ಹಾರನಹಳ್ಳಿಯ ದಾರಿ

ಹಾಸನದಲ್ಲಿ ಬಿಡಾರ ಮಾಡಿಕೊಂಡು, ಬೆಳಗ್ಗೆ ಮೋಟಾರಿನಲ್ಲಿ ಹೊರಟು, ರಾತ್ರಿಯ ಊಟಕ್ಕೆ ಹಿಂದಿರುಗುವ ಹಾಗೆ ಹೊಯ್ಸಳರ ದೇವಾಲಯಗಳನ್ನು ನೋಡಿಬರುವುದು ಈಗ ಬಹು ಸುಲಭದ ಕೆಲಸವಾಗಿದೆ. ದೂರಗಳು ಹೆಚ್ಚಲ್ಲ. ಹಾಸನದಿಂದ ಬೇಲೂರು ಸುಮಾರು ೪೦ ಕಿಲೋಮೀಟರು. ಬೇಲೂರಿನಿಂದ ಹಳೇಬೀಡು ೧೬. ಹಾಸನದಿಂದ ಅರಸೀಕೆರೆಯ ಕಡೆಗೆ ಹೊರಟರೆ ಸುಮಾರು ೩೫ ಕಿಲೋಮೀಟರಿಗೆ ಹಾರನಹಳ್ಳಿ. ಈ ಅಂಕಿಗಳನ್ನು ಕಾಗದದ ಮೇಲೆ ಬರೆದು ಕೂಡಿ ನೋಡಿದ ಯಾರಿಗಾದರೂ, ಒಂದೇ ಹಗಲಿನಲ್ಲಿ ಎಲ್ಲವನ್ನೂ ಮುಗಿಸಿಬಿಡಬಹುದಲ್ಲ ಎಂದು ತೋರುವುದು ಸಹಜ. ನಮಗೂ ಹಾಗೆಯೇ ತೋರಿತ್ತು. ಅದರ ಫಲವೇನಾಯಿತೆಂಬುದನ್ನು ಮೊದಲು ಅರಿಕೆಮಾಡಿಕೊಂಡು, ಆಮೇಲೆ ದಾರಿಯ ವಿಷಯಕ್ಕೆ ಬರುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಐದಾರು ಮಂದಿ ಇಂಥದೊಂದು ಪ್ರವಾಸವನ್ನು ಕೈಕೊಂಡೆವು. ಜೊತೆಯಲ್ಲಿ ನಮ್ಮ ತಾಯಿಯವರಿದ್ದರು. ಬೇಲೂರಿನ ಚೆನ್ನಕೇಶವನ ದರ್ಶನ ಮಾಡಬೇಕೆಂಬುದು ಅವರ ಚಿಕ್ಕಂದಿನ ಆಸೆ. ನಾವಾದರೋ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೊರಟವರು. ದೊಡ್ಡಗದ್ದವಳ್ಳಿ, ಹಳೇಬೀಡು, ಬೆಳವಾಡಿ, ಜಾವಗಲ್ಲು, ಕಡೆಗೆ ಬೇಲೂರು. ಪ್ರತಿಯೊಂದು ಕಡೆಯೂ ಇಳಿಯುವುದು, ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ಬರಿಗಾಲಿನಲ್ಲಿ ಕುಪ್ಪಳಿಸುತ್ತ ಒಂದು ಸುತ್ತು ಬರುವುದು, ಚಿತ್ರ ತೆಗೆಯುವುದು, ಪುನಃ ಗಾಡಿ ಹತ್ತುವುದು. ಬೇಲೂರನ್ನು ತಲಪುವ ವೇಳೆಗೆ ಕತ್ತಲಾಗಿ, ಗರ್ಭಗುಡಿಯ ಬಾಗಿಲು ಹಾಕಿತ್ತು. ತಾಯಿಯವರು ಆ ಬಾಗಿಲಿಗೇ ಕೈಮುಗಿದು, "ಇಲ್ಲಿಯವರೆಗೆ ಬಂದೆನಲ್ಲಪ್ಪ, ಸಾಕು" ಎಂದರು. ಆಮೇಲೆ ಅವರಿಗೆ ಪ್ರಯಾಣದ ಶಕ್ತಿ ಬರಲಿಲ್ಲ. ಅದೇ ರಾತ್ರಿ ಊಟಕ್ಕೆ ಕುಳಿತಾಗ, ರಾವಣನು ಕೈಲಾಸವನ್ನು ಎತ್ತುವ ಶಿಲ್ಪವನ್ನು ಕಂಡದ್ದು ಹಳೇಬೀಡಿನಲ್ಲೋ ಬೇಲೂರಿನಲ್ಲೋ ಎಂಬ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ವಾದವೆದ್ದಿತು. ಎರಡು ಕಡೆಯಲ್ಲಿಯೂ ಉಂಟೆಂಬುದು ಮುಂದೆ ತಿಳಿಯಿತು. ಅಷ್ಟನ್ನು ಸುತ್ತಿ ನಾವು ನೋಡಿದ್ದು ಇಷ್ಟು!

ಆದುದರಿಂದ ಎರಡನೆಯ ಸಲ ಹೊರಟಾಗ ಪಟ್ಟಿಯನ್ನು ಹರಿದುಹಾಕಿ, ಹಿಂದೆ ಸೇರಿಸದೆಯೇ ಬಿಟ್ಟಿದ್ದ ಹಾರನಹಳ್ಳಿಯಿಂದ ಆರಂಭಿಸಿದೆವು. ಕೇಳುಗರಿಗೂ ನಾವು ಸೂಚಿಸುವ ಕ್ರಮ ಇದೇ. ಬೇಲೂರನ್ನು ಇನ್ನೊಂದು ದಿನಕ್ಕೆ ಬಿಟ್ಟು, ಮೊದಲ ದಿನದ ಮುಂಜಾನೆಯನ್ನೆಲ್ಲ ಹಾರನಹಳ್ಳಿಗೆ ಕೊಡಬೇಕು.

ಅರಸೀಕೆರೆಗೆ ಎಂಟು ಕಿಲೋಮೀಟರು ಇರುವಾಗ ಸಿಕ್ಕುವ ಈ ಊರು ಹಿಂದೆ ತಾಲ್ಲೂಕಿನ ಕಸಬೆಯಾಗಿದ್ದಿತು. ಅರಸೀಕೆರೆ ರೈಲಿನ ಕೂಡುನಿಲ್ದಾಣವಾಗಿ ಬೆಳೆಯಿತು. ಇದು ಹಳ್ಳಿಯಾಗಿ ಉಳಿಯಿತು. ದಾರಿಯ ಎರಡು ಮಗ್ಗುಲಲ್ಲಿಯೂ ತೆಂಗಿನ ತೋಟಗಳು, ರಾಗಿಯ ಹೊಲಗಳು, ದೂರದಲ್ಲಿ ಕುರುಚಲು ಗುಡ್ಡಗಳು. ಮಳೆಗಾಲ ಕಳೆದು ರಾಗಿಯ ತೆನೆ ಬಲಿಯುವ ದಿನಗಳಲ್ಲಿ ಈ ಬಯಲುಸೀಮೆಗೆ ಒಂದು ಚೆಲುವಿರುತ್ತದೆ. ಮಲೆನಾಡನ್ನೇ ಸೌಂದರ್ಯದ ಅಳತೆಗೋಲಾಗಿ ಮಾಡಿಕೊಂಡವರಿಗೆ ಅದು ಕಾಣುವುದಿಲ್ಲ.

ಊರಿನಲ್ಲಿ ಎರಡು ಹೊಯ್ಸಳ ಗುಡಿಗಳಿವೆ, ಲಕ್ಷ್ಮೀನರಸಿಂಹನದೊಂದು, ಸೋಮೇಶ್ವರನದೊಂದು. ಕ್ರಿ. ಶ. ೧೨೩೫ರ ಸುಮಾರಿನಲ್ಲಿ ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಸೋದರರು ಕಟ್ಟಿಸಿದವು. ರಾಜನು ಕಟ್ಟಿಸಿದುದಲ್ಲ, ರಾಜಧಾನಿಯಲ್ಲಿಯೂ ಅಲ್ಲ. ಲಕ್ಷ್ಮೀನರಸಿಂಹನ ಗುಡಿ ತ್ರಿಕೂಟ; ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹ, ಈ ಮೂವರಿಗೆ ಮೂರು ಗರ್ಭಗೃಹಗಳು, ನಡುವಿನದಕ್ಕೆ ಮಾತ್ರ ಶಿಖರ. ಬೇಲೂರಿನ ದೊಡ್ಡ ಗುಡಿಯ ಶಿಖರವನ್ನು ಕಟ್ಟಡದ ಕ್ಷೇಮಕ್ಕಾಗಿ ೧೮೭೯ರಲ್ಲಿ ಇಳಿಸಿದರು. ಹಳೇಬೀಡಿನ ಹೊಯ್ಸಳೇಶ್ವರನಿಗೆ ಶಿಖರವೇ ಇಲ್ಲ. ಹೀಗಿರಲು, ಹೊಯ್ಸಳರ ಗುಡಿಯೊಂದು ನೆಲದಿಂದ ತುದಿಯವರೆಗೆ ಹೇಗಿರುತ್ತಿತ್ತೆಂಬುದನ್ನು, ಆ ಎರಡು ಮಹಾದೇವಾಲಯಗಳನ್ನು ಮಾತ್ರ ನೋಡಿದವರು ತಿಳಿಯುವ ಬಗೆ ಹೇಗೆ? ಹಾರನಹಳ್ಳಿಯಲ್ಲಾದರೆ ಕತ್ತೆತ್ತಿದರೆ ಸಾಕು.

ಆದರೆ ಮೊದಲು ತಲೆಯನ್ನು ತಗ್ಗಿಸಬೇಕು. ಗುಡಿಯ ಸುತ್ತಲೂ, ಅದರದೇ ಆಕಾರವನ್ನು ಅನುಸರಿಸಿ ಜಗತಿ ಇದೆ. ಒಳಗೆ ಪ್ರದಕ್ಷಿಣೆಯ ದಾರಿಯಿಲ್ಲದ್ದರಿಂದ ಜಗತಿಯೇ ಪ್ರದಕ್ಷಿಣಾಪಥ. ಅದರ ಮೇಲೆ ನಿಧಾನವಾಗಿ ನಡೆಯುತ್ತ ಗೋಡೆಯ ಬುಡವನ್ನು ನೋಡಿದರೆ ಒಂದರ ಮೇಲೊಂದಾಗಿ ಆರು ಪಟ್ಟಿಕೆಗಳು. ಎಲ್ಲಕ್ಕೂ ಕೆಳಗೆ ಆನೆಯ ಸಾಲು, ಅದರ ಮೇಲೆ ಕುದುರೆಯ ಸವಾರರು, ಮೂರನೆಯದು ಸುರುಳಿ ಬಳ್ಳಿ, ನಾಲ್ಕನೆಯದು ಪುರಾಣಕಥೆಗಳು, ಐದನೆಯದು ಬಾಯ್ದೆರೆದ ಕಾಲ್ಪನಿಕ ಮೃಗಗಳು, ಮೇಲುಗಡೆ ಹಂಸಗಳು. ಭಾರ ಹೊರುವುದು ಅಡಿಯಲ್ಲಿ, ಹಾರುವುದು ಮೇಲೆ. ಕಥೆಗಳ ಪಟ್ಟಿಕೆಯನ್ನು ಓದುವುದಕ್ಕೆ ಪ್ರದಕ್ಷಿಣೆಯ ದಿಕ್ಕಿನಲ್ಲಿಯೇ ನಡೆಯಬೇಕು. ಪುಟ್ಟ ಗುಡಿಯಾದ್ದರಿಂದ ಅರ್ಧ ಗಂಟೆಯಲ್ಲಿ ಒಂದು ಸುತ್ತು ಓದಬಹುದು. ಎರಡನೆಯ ಸುತ್ತಿನಲ್ಲಿ ಕಣ್ಣು ತಾನಾಗಿಯೇ ಮೇಲಿನ ದೊಡ್ಡ ವಿಗ್ರಹಗಳಿಗೆ ಏರುತ್ತದೆ. ಇದೇ ಈ ಶಿಲ್ಪದ ಕಾಗುಣಿತ. ಕಾಗುಣಿತ ಬಾರದೆ ಹಳೇಬೀಡಿನ ಮಹಾಗ್ರಂಥವನ್ನು ತೆರೆದವರು ನಮ್ಮ ಹಾಗೆ ಊಟದ ಎಲೆಯ ಮುಂದೆ ವಾದ ಮಾಡುತ್ತಾರೆ.

ಸ್ವಲ್ಪ ದೂರದಲ್ಲಿರುವ ಸೋಮೇಶ್ವರನ ಗುಡಿ ಏಕಕೂಟ. ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಇದೇ. ಇದರ ಹೊರಗೋಡೆಯ ಕೆತ್ತನೆ ಪೂರ್ಣವಾಗಿಲ್ಲ. ಪಟ್ಟಿಕೆಗಳಿಗೆಂದು ಅಳತೆಮಾಡಿ ಕೂಡಿಸಿದ ಕಲ್ಲುಗಳು ಕೆಲವೆಡೆ ಬರಿದಾಗಿಯೇ ಉಳಿದಿವೆ. ಕಾರಣವನ್ನು ಊಹಿಸುತ್ತ ಕೂರುವುದು ನಮ್ಮ ಕೆಲಸವಲ್ಲ; ಆದರೆ ಈ ಬರಿಯ ಕಲ್ಲು, ತುಂಬಿದ ಕಲ್ಲು ಹೇಳದ ಒಂದು ಸಂಗತಿಯನ್ನು ಹೇಳುತ್ತದೆ. ಮೊದಲು ಗೋಡೆಯನ್ನು ಕಟ್ಟಿ ನಿಲ್ಲಿಸಿ, ಆಮೇಲೆ ಅದು ನಿಂತಿರುವಲ್ಲಿಯೇ ಕೆತ್ತುತ್ತಿದ್ದರು. ಉಳಿಯೊಂದು ಜಾರಿದರೆ ಕಲ್ಲನ್ನು ಬದಲಾಯಿಸುವಂತಿರಲಿಲ್ಲ. ಈ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಬಿಟ್ಟ ಕೆಲಸ ದಿನದಿಂದ ದಿನಕ್ಕೆ ಕಠಿಣವಾಗುತ್ತ ಹೋಗಿರಬೇಕು.

೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಸಂತೋಷದ ವಿಷಯವೇ. ಆದರೆ ಪಟ್ಟಿಗೆ ಸೇರಿದ ಕಡೆಗೆ ಜನ ನುಗ್ಗುವುದೂ ಸೇರದ ಕಡೆಯನ್ನು ಮರೆಯುವುದೂ ಲೋಕದ ರೂಢಿ. ನಾವು ಹಾರನಹಳ್ಳಿಯಲ್ಲಿದ್ದ ಎರಡು ಗಂಟೆಗಳಲ್ಲಿ ಬೇರೆ ಒಬ್ಬ ಪ್ರವಾಸಿಯೂ ಬರಲಿಲ್ಲ. ಬಾಗಿಲು ಹಾಕಿದ್ದರೆ ಊರಿನಲ್ಲಿ ವಿಚಾರಿಸಿ ಕಾವಲಿನವರನ್ನು ಕರೆಸಿಕೊಳ್ಳಬೇಕು. ಒಳಗಿನ ಭುವನೇಶ್ವರಿಗಳನ್ನು ನೋಡಲು ಕೈದೀಪವೊಂದು ಜೊತೆಯಲ್ಲಿರುವುದು ಒಳ್ಳೆಯದು.

ಹಾರನಹಳ್ಳಿಯಿಂದ ಅರಸೀಕೆರೆಗೆ ಹತ್ತು ನಿಮಿಷ. ಅಲ್ಲಿಯ ಶಿವಾಲಯ ೧೨೨೦ರ ಸುಮಾರಿನದು. ಹದಿನಾರು ಮೂಲೆಗಳ ನಕ್ಷತ್ರದಂತೆ ಗರ್ಭಗೃಹ, ಮುಂದೆ ಗುಮ್ಮಟದಂಥ ಮಾಡುಳ್ಳ ತೆರೆದ ಮಂಟಪ. ಇಂಥ ಮಂಟಪ ಬೇರೆಲ್ಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಊಟದ ಬುತ್ತಿಯನ್ನು ಇಲ್ಲಿ ಬಿಚ್ಚಬಹುದು. ಬಳಿಕ ಜಾವಗಲ್ಲಿನ ದಾರಿ ಹಿಡಿದರೆ ನೆಲದ ಬಣ್ಣವೇ ಮೆಲ್ಲಮೆಲ್ಲನೆ ಮಾರ್ಪಡುತ್ತದೆ. ತೆಂಗು ಹಿಂದುಳಿದು ಹಸುರು ಮುಂದೆ ಬರುತ್ತದೆ. ಜಾವಗಲ್ಲು, ಬೆಳವಾಡಿಗಳು ಕೈಬೀಸಿ ಕರೆದರೂ ಇಳಿಯಬಾರದು; ಅವು ಬೇರೆ ದಿನದ ಸ್ವತ್ತು.

ಹಳೇಬೀಡನ್ನು ಮೂರೂವರೆ, ನಾಲ್ಕು ಗಂಟೆಗೆ ಸೇರುವುದು ಉತ್ತಮ. ಹೊಯ್ಸಳೇಶ್ವರ ಪೂರ್ವಾಭಿಮುಖವಾದ ಜೋಡಿ ಗುಡಿ. ೧೧೨೧ರ ಸುಮಾರಿನಲ್ಲಿ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುಂದಾಳುತನದಲ್ಲಿ ಆರಂಭವಾದದ್ದು. ಅದರ ಅತ್ಯುತ್ತಮ ವಿಗ್ರಹಗಳಿರುವುದು ಹಿಂಬದಿಯ ಪಶ್ಚಿಮದ ಗೋಡೆಯಲ್ಲಿ. ಬೆಳಗ್ಗೆ ಬಂದವರಿಗೆ ಆ ಗೋಡೆ ನೆರಳಿನಲ್ಲಿ ಮಂಕಾಗಿರುತ್ತದೆ. ಸಂಜೆಯ ಓರೆಬಿಸಿಲಿನಲ್ಲಿ ಒಂದೊಂದು ಆಭರಣದ ಮಣಿಯೂ ಬಿಡಿಬಿಡಿಯಾಗಿ ಎದ್ದು ನಿಲ್ಲುತ್ತದೆ. ಚಪ್ಪಡಿಯೂ ಆ ಹೊತ್ತಿಗೆ ಕಾಲಿಗೆ ಹಿತವಾಗಿರುತ್ತದೆ. ಇಲ್ಲಿ ಪಟ್ಟಿಕೆಗಳು ಆರಲ್ಲ, ಎಂಟು: ಆನೆಯ ಮೇಲೆ ಸಿಂಹದ ಸಾಲೊಂದು, ಬಳ್ಳಿ ಒಂದಕ್ಕೆ ಎರಡು. ಹಾರನಹಳ್ಳಿಯಿಂದ ಬಂದ ನಮ್ಮ ಗುಂಪಿನ ಹನ್ನೊಂದು ವರ್ಷದ ಹುಡುಗಿ, ಯಾರೂ ಹೇಳಿಕೊಡದೆ, "ಇಲ್ಲಿ ಸಿಂಹ ಹೆಚ್ಚಾಗಿದೆ" ಎಂದು ಕೂಗಿ ಹೇಳಿದಳು. ಹಿಂದಿನ ಸಲ ನಾವು ದೊಡ್ಡವರು ಐವರು ಅದನ್ನು ಗಮನಿಸಿರಲೇ ಇಲ್ಲ.

ಹೊತ್ತು ಉಳಿದರೆ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೆ ಹೋಗಬಹುದು. ೧೧೩೩ರಲ್ಲಿ ಗಂಗರಾಜನ ಮಗ ಬೊಪ್ಪದೇವನು ಕಟ್ಟಿಸಿದ್ದು. ಕನ್ನಡಿಯಂತೆ ನುಣುಪಾದ ಕಂಬಗಳು, ಗುಡಿಯ ಗದ್ದಲವಿಲ್ಲದ ತಂಪು. ಆಮೇಲೆ ಹಾಸನಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರು ಮಾತ್ರ.

ಮರುದಿನ ಬೆಳಗ್ಗೆ ನೇರವಾಗಿ ಬೇಲೂರಿಗೆ ಹೊರಡಬೇಕು, ಬೇರೆಲ್ಲೂ ನಿಲ್ಲಬಾರದು. ವೃದ್ಧರು ಜೊತೆಯಲ್ಲಿದ್ದರೆ ಮೊದಲು ಅವರನ್ನು ಗರ್ಭಗುಡಿಯ ಮುಂದಕ್ಕೆ ಕರೆದುಕೊಂಡು ಹೋಗಿ, ದರ್ಶನವಾದ ಮೇಲೆ ನೆರಳಿನ ಕೈಸಾಲೆಯಲ್ಲಿ ಕೂರಿಸಿ, ಮದನಿಕೆಯರನ್ನು ನೋಡಲು ನಾವು ಹೋಗಬಹುದು.